ಮಧುವಿಗೆ ಊರಿನ ಹೆಸರು

“ಏನ್ ಓದ್ತಿದೀಯ ಪುಟ್ಟಿ ಅಂತ ಅಜ್ಜಿ ಕೇಳಿದ್ರೆ ಏನಂತ ಹೇಳ್ಲಿ, ಆಂಟಿ?”

ಟೆಕ್ಸಾಸಿನ ಇರ್ವಿಂಗ್‌ನಲ್ಲಿ ನಮ್ಮ ಪಕ್ಕದ ಮನೆಯ ಕನ್ನಡದ ಹುಡುಗಿ ಮೊನ್ನೆ ಸಂಜೆ ಕೇಳಿದ ಪ್ರಶ್ನೆ ಇದು. ಡೆನಿಸನ್ ಊರಿನ ಗ್ರೇಸನ್ ಕಾಲೇಜಿನಲ್ಲಿ ಅವಳು ದ್ರಾಕ್ಷಿ ಬೇಸಾಯ ಮತ್ತು ವೈನ್ ತಯಾರಿಕೆ ಕಲಿಯುತ್ತಿದ್ದಾಳೆ. ಇಲ್ಲಿಂದ ಉತ್ತರಕ್ಕೆ ಒಂದೂವರೆ ಗಂಟೆಯ ದಾರಿ. ಅಜ್ಜಿ ಇರುವುದು ಮಧುಗಿರಿಯಲ್ಲಿ. ಭಾನುವಾರದ ಫೋನಿನಲ್ಲಿ ಒಂದೇ ಮಾತಿನಲ್ಲಿ ವಿಷಯ ತಿಳಿಸಬೇಕು, ಅಜ್ಜಿಯ ಮನಸ್ಸು ನೋಯಬಾರದು. ಅಂಥ ಮಾತು ಕನ್ನಡದಲ್ಲಿ ಯಾವುದಿದೆ?

ಅವಳ ಕಂಕುಳಲ್ಲಿ ಇಟ್ಟಿಗೆ ತೂಕದ ಒಂದು ಪುಸ್ತಕವಿತ್ತು, ‘ದಿ ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ವೈನ್’. ಜಾನ್ಸಿಸ್ ರಾಬಿನ್ಸನ್ ಸಂಪಾದಿಸಿದ ಈ ಕೋಶ ಮೊದಲು ಬಂದದ್ದು 1994ರಲ್ಲಿ. 2023ರಲ್ಲಿ ಐದನೆಯ ಆವೃತ್ತಿ ಬಂತು. ಸುಮಾರು 4,000 ನಮೂದುಗಳು ಅಕಾರಾದಿಯಲ್ಲಿ ಸಾಲಾಗಿ ನಿಂತಿವೆ. ಮಣ್ಣು, ಮಳೆ, ಯೀಸ್ಟ್, ಪೀಪಾಯಿ, ಬಿರಡೆ, ಬಳ್ಳಿಗೆ ಬರುವ ರೋಗ, ದೇಶದೇಶದ ಕಾನೂನು, ಎಲ್ಲಕ್ಕೂ ಅಲ್ಲಿ ಜಾಗವಿದೆ, ಭಾರತಕ್ಕೂ ಇದೆ. ಪುಟ ತಿರುವುತ್ತ ನಾನು ಆ ಹುಡುಗಿಯ ಪ್ರಶ್ನೆಯನ್ನೇ ಇನ್ನೊಂದು ಬಗೆಯಲ್ಲಿ ಕೇಳಿಕೊಂಡೆ. ಇಂಥದೊಂದು ಕೋಶವನ್ನು ಕನ್ನಡದಲ್ಲಿ ಬರೆಯಲು ಕೂತರೆ, ಮೂಲ ವಸ್ತುವಿನ ನಮೂದಿಗೆ ಯಾವ ಪದವನ್ನು ತಲೆಯ ಮೇಲೆ ಇಡಬೇಕು?

ಎಲ್ಲರಿಗೂ ಗೊತ್ತಿರುವ ಪದ ‘ವೈನ್’. ಆದರೆ ಅಜ್ಜಿಯ ಕಿವಿಗೆ ಅದು ತಲುಪುವುದು ಅಂಗಡಿಯ ಬೋರ್ಡಿನ ಮೂಲಕ. ನಮ್ಮೂರುಗಳ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ‘ವೈನ್ಸ್’ ಎಂಬ ಬೋರ್ಡು ಇರುತ್ತದೆ. ಒಳಗೆ ಮಾರಾಟವಾಗುವುದು ಬ್ರಾಂದಿ, ರಮ್ಮು, ವಿಸ್ಕಿ. ದ್ರಾಕ್ಷಿಯಿಂದಾದದ್ದು ಒಂದು ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗೆ ‘ವೈನ್’ ಎನ್ನುವುದು ನಮ್ಮಲ್ಲಿ ಪಾನೀಯದ ಹೆಸರಾಗುವ ಮೊದಲೇ ಅಂಗಡಿಯ ಹೆಸರಾಯಿತು. ಗಂಡ ಸಂಬಳದ ದಿನ ಹೊಕ್ಕು ಬರಿಗೈಯಲ್ಲಿ ಹೊರಬರುವ ಜಾಗ ಅದು. ಮೊಮ್ಮಗಳು ‘ವೈನ್ ಓದ್ತಿದೀನಿ’ ಎಂದರೆ ಅಜ್ಜಿಯ ಕಣ್ಣ ಮುಂದೆ ಬರುವುದು ಆ ಜಾಗವೇ.

‘ಮದ್ಯ’ ಎನ್ನೋಣವೆಂದರೆ ಅದು ಮದದಿಂದ ಹುಟ್ಟಿದ ಪದ. ‘ಮದಿರೆ’ಯೂ ಅದೇ ಮನೆಯ ಮಗಳು. ಕುಡಿದವನಿಗೆ ಏನಾಗುತ್ತದೆ ಎಂಬುದನ್ನು ಈ ಪದಗಳು ಹೇಳುತ್ತವೆ. ಕುಡಿದದ್ದು ಏನು ಎಂಬುದನ್ನು ಹೇಳುವುದಿಲ್ಲ.

ಅಚ್ಚಗನ್ನಡದ ಪದಗಳು ಈ ವಿಷಯದಲ್ಲಿ ಬಹಳ ಜಾಣ. ಈಚಲು ಹೆಂಡ, ತೆಂಗಿನ ಕಳ್ಳು, ಬೈನೆ ಕಳ್ಳು ಎನ್ನುವಾಗ ಮರದ ಹೆಸರು ಮೊದಲು ಬರುತ್ತದೆ. ತೆಂಗಿನ ಹೊಂಬಾಳೆಯಿಂದ ಇಳಿಸಿದ್ದು ಹುದುಗೇಳುವ ಮೊದಲು ನೀರಾ, ಹುದುಗೆದ್ದ ಮೇಲೆ ಕಳ್ಳು. ಒಂದೇ ಮಡಕೆಯ ಬೆಳಗಿಗೂ ಸಂಜೆಗೂ ಬೇರೆ ಬೇರೆ ಹೆಸರು. ಇಷ್ಟು ಸೂಕ್ಷ್ಮವಾಗಿ ಹೆಸರಿಟ್ಟ ಭಾಷೆಗೆ ದ್ರಾಕ್ಷಿಯ ಮುಂದೆ ಮಾತು ನಿಂತುಹೋದದ್ದು ಆ ಬಳ್ಳಿ ನಮ್ಮ ಹಿತ್ತಲಿನದಲ್ಲವಾದ್ದರಿಂದ.

‘ದ್ರಾಕ್ಷಾರಸ’ ಇದೆಯಲ್ಲ, ಎನ್ನಬಹುದು. ಕನ್ನಡ ಬೈಬಲ್ಲಿನಲ್ಲಿ ಕಾನಾ ಊರಿನ ಮದುವೆಮನೆಯಲ್ಲಿ ನೀರು ಮಾರ್ಪಟ್ಟದ್ದು ದ್ರಾಕ್ಷಾರಸವಾಗಿ. ಬೆಂಗಳೂರಿನ ವೈನ್ ಮೇಳವನ್ನು ಪತ್ರಿಕೆಗಳು ‘ದ್ರಾಕ್ಷಾರಸ ಉತ್ಸವ’ ಎಂದೇ ಬರೆಯುತ್ತವೆ. ಗೌರವದ ಪದ, ಮೂಲದ ಹಣ್ಣನ್ನೂ ಮರೆಯದ ಪದ. ಆದರೂ ರಸ ಎಂದರೆ ಹಿಂಡಿದ್ದು. ಹಣ್ಣಿನ ಅಂಗಡಿಯವನು ಲೋಟಕ್ಕೆ ಸೋಸಿ ಕೊಡುವುದೂ ದ್ರಾಕ್ಷಿಯ ರಸವೇ. ಯೀಸ್ಟು ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುವ ಆ ಹುದುಗಿನ ದಿನಗಳು ಈ ಪದದೊಳಗೆ ಇಲ್ಲ.

ಹುದುಗನ್ನು ಹಿಡಿದಿಟ್ಟ ಪದ ಔಷಧಿ ಅಂಗಡಿಯಲ್ಲಿದೆ. ದ್ರಾಕ್ಷಾಸವ, ದ್ರಾಕ್ಷಾರಿಷ್ಟ. ಕುದಿಸದೆ ಹುದುಗಿಸಿದ್ದು ಆಸವ. ಕಷಾಯ ಕಾಸಿ, ಆರಿಸಿ, ಆಮೇಲೆ ಹುದುಗಿಸಿದ್ದು ಅರಿಷ್ಟ. ಧಾತಕಿ ಹೂವನ್ನು ಹಾಕಿ ಮುಚ್ಚಿಟ್ಟರೆ ಮದ್ಯಸಾರ ತಾನೇ ಹುಟ್ಟಿಕೊಳ್ಳುತ್ತದೆ. ಬಾಣಂತನ ಮುಗಿಸಿದವರಿಗೆ, ಜ್ವರ ಬಿಟ್ಟು ಸೊರಗಿದವರಿಗೆ ಊಟವಾದ ಮೇಲೆ ಸಮ ನೀರು ಬೆರೆಸಿ ಎರಡು ಚಮಚ ಕೊಡುತ್ತಿದ್ದ ಬಾಟಲಿ ಅದು. ‘ವೈನ್ಸ್’ ಬೋರ್ಡು ಕಂಡರೆ ಸೆರಗು ಸರಿಮಾಡಿಕೊಂಡು ದಾಟಿಹೋಗುವ ಎಷ್ಟೋ ಅಜ್ಜಿಯರ ಗೂಡಿನಲ್ಲಿ ಅದು ದೇವರ ಎಣ್ಣೆಯ ಪಕ್ಕದಲ್ಲೇ ಇತ್ತು. ಆದರೆ ಅದು ಮದ್ದಿನ ಹೆಸರಾಗಿ ಉಳಿಯಿತು. ಮದ್ದಿನ ಹೆಸರನ್ನು ಊಟದ ಮೇಜಿಗೆ ತರುವುದು ಕಷ್ಟ.

ಕೊನೆಗೆ ನಾನು ಬಂದು ನಿಂತದ್ದು ‘ಮಧು’ ಎಂಬ ಎರಡಕ್ಷರದ ಮುಂದೆ.

ಇದು ಬಹಳ ದೂರ ನಡೆದು ಬಂದ ಪದ. ಸಂಸ್ಕೃತದಲ್ಲಿ ಜೇನೂ ಮಧು, ಮತ್ತೇರಿಸುವ ಸವಿ ಪಾನೀಯವೂ ಮಧು, ವಸಂತವೂ ಮಧು, ಚೈತ್ರಮಾಸವೂ ಮಧು. ಇದರ ಒಡಹುಟ್ಟು ಲಿಥುವೇನಿಯಾದಲ್ಲಿ ‘ಮೆದುಸ್’ ಆಗಿ ಜೇನಾಯಿತು. ಇಂಗ್ಲಿಷಿನಲ್ಲಿ ‘ಮೀಡ್’ ಆಗಿ ಜೇನಿನಿಂದ ಮಾಡಿದ ಮದ್ಯವಾಯಿತು. ಗ್ರೀಕಿನಲ್ಲಿ ‘ಮೆಥು’ ಆಗಿ ವೈನ್ ಆಯಿತು. ಉಂಗುರದಲ್ಲಿ ಕೂರಿಸುವ ನೇರಳೆ ಹರಳು ಅಮೆಥಿಸ್ಟ್ ಕೂಡ ಇದೇ ಬಳಗ. ಅದನ್ನು ತೊಟ್ಟವರಿಗೆ ಮತ್ತೇರುವುದಿಲ್ಲ ಎಂಬ ನಂಬಿಕೆಯಿಂದ ‘ಮತ್ತೇರದ’ ಎಂಬರ್ಥದ ಹೆಸರು ಬಂತು. ಜೇನಿಗೆ ನೀರು ಸೇರಿದರೆ ಅದು ತಾನಾಗಿ ಹುದುಗೇಳುತ್ತದೆ. ಸಿಹಿಗೂ ಅದರ ಹುದುಗಿಗೂ ಹಳಬರು ಒಂದೇ ಹೆಸರು ಇಟ್ಟದ್ದು ಅದಕ್ಕೇ ಇರಬೇಕು.

ಕನ್ನಡಕ್ಕೆ ಬಂದಾಗ ಈ ಪದಕ್ಕೆ ಕೆಲಸ ಕಡಿಮೆಯಾಯಿತು. ಜೇನಿಗೆ ‘ಜೇನು’ ಇತ್ತು. ವಸಂತಕ್ಕೆ ‘ಸುಗ್ಗಿ’ ಇತ್ತು. ಹಾಗಾಗಿ ಮಧು ಒಂಟಿಯಾಗಿ ಬೀದಿಗೆ ಇಳಿಯದೆ ಬೇರೆ ಪದಗಳ ಹೆಗಲ ಮೇಲೆ ಕೈಹಾಕಿ ಓಡಾಡಿತು. ಮದುವೆಯಲ್ಲಿ ವರನಿಗೆ ಮಧುಪರ್ಕ, ಮದುವೆಯಾದ ಮೇಲೆ ಮಧುಚಂದ್ರ, ವಯಸ್ಸಾದ ಮೇಲೆ ಮಧುಮೇಹ. ದುಂಬಿ ಮಧುಕರ, ಹಾಡು ಮಧುರ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಧು ಹುಡುಗನೂ ಹೌದು, ಹುಡುಗಿಯೂ ಹೌದು. ಆ ಅಜ್ಜಿಯ ಊರಿನ ಬೆಟ್ಟದ ಹೆಸರಿನಲ್ಲೂ ಇದೇ ಮಧು ಕೂತಿದೆ.

ಇದಕ್ಕೆ ಪಕ್ಕಾ ಅರ್ಥವೊಂದನ್ನು ಕೊಟ್ಟವನು ಕೌಟಿಲ್ಯ. ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ, ಅಂದರೆ ಇಂದಿನ ಅಬಕಾರಿ ಅಧಿಕಾರಿಯ, ಕೆಲಸವನ್ನು ವಿವರಿಸುವ ಪ್ರಕರಣವಿದೆ. ಅಲ್ಲಿ ಪಾನೀಯಗಳನ್ನು ಅವನು ಒಂದೊಂದಾಗಿ ಬೇರೆ ಮಾಡಿ ಇಡುತ್ತಾನೆ. ಮಧು ಎಂದರೆ ದ್ರಾಕ್ಷಿಯಿಂದಾದದ್ದು, ಮತ್ತು ಅದನ್ನು ಅದು ಹುಟ್ಟಿದ ನಾಡಿನ ಹೆಸರಿನಿಂದಲೇ ಕರೆಯಬೇಕು. ಒಂದು ಕಾಪಿಶಾಯನ, ಇನ್ನೊಂದು ಹಾರಹೂರಕ. ಕಾಪಿಶಿ ಇದ್ದದ್ದು ಇಂದಿನ ಕಾಬೂಲಿನ ಉತ್ತರಕ್ಕೆ. ಆ ಊರಿನ ಹೆಸರಿನಿಂದ ‘ಕಾಪಿಶಾಯನ’ ಹೇಗೆ ಆಗುತ್ತದೆ ಎಂದು ಹೇಳಲು ಪಾಣಿನಿ ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ. ಶಾಂಪೇನ್ ಪ್ರಾಂತ್ಯದ ಹೊರಗೆ ಮಾಡಿದ್ದನ್ನು ಶಾಂಪೇನ್ ಎನ್ನಬಾರದೆಂದು ಫ್ರಾನ್ಸಿನವರು ಇಂದು ಹಟ ಹಿಡಿಯುತ್ತಾರಲ್ಲ, ಅದೇ ತತ್ವ ಇಲ್ಲಿ ಎರಡೇ ಮಾತಿನಲ್ಲಿ ಮುಗಿದಿದೆ.

ಆ ಮಾತು ನಮಗೆ ಮತ್ತೆ ದೊರಕಿದ್ದು ಮೈಸೂರಿನಲ್ಲಿ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದರ ಮೂಲ ಪಾಠ ಅಚ್ಚಾಯಿತು.

ಅದೇ 1909ರಲ್ಲಿ, ಈ ಹುಡುಗಿ ಓದುತ್ತಿರುವ ಡೆನಿಸನ್ನಿನಲ್ಲಿ ಇನ್ನೊಂದು ಪುಸ್ತಕ ಹೊರಬಂತು. ಥಾಮಸ್ ವಾಲ್ನಿ ಮನ್ಸನ್ ಬರೆದ ‘ಫೌಂಡೇಷನ್ಸ್ ಆಫ್ ಅಮೆರಿಕನ್ ಗ್ರೇಪ್ ಕಲ್ಚರ್’. 1876ರಲ್ಲಿ ಈ ಊರಿಗೆ ಬಂದು ನೆಲೆಸಿದ ಮನ್ಸನ್, ಕುದುರೆಯ ಮೇಲೂ ರೈಲಿನಲ್ಲೂ ತಿರುಗಿ ಅಮೆರಿಕದ ಕಾಡು ದ್ರಾಕ್ಷಿಗಳನ್ನು ಹುಡುಕಿ, ಬೆರಕೆ ಮಾಡಿ, ಸುಮಾರು 300 ಹೊಸ ತಳಿ ಬೆಳೆಸಿದವರು. ಯಾವ ಬಳ್ಳಿ ಯಾವ ಹೊಳೆಯ ದಂಡೆಯಲ್ಲಿ, ಯಾವ ಸುಣ್ಣದ ನೆಲದಲ್ಲಿ ಸಿಕ್ಕಿತು ಎಂಬ ಲೆಕ್ಕ ಅವರಲ್ಲಿತ್ತು. ನಮ್ಮ ಮನೆಯಿಂದ ವಿಮಾನ ನಿಲ್ದಾಣ ದಾಟಿದರೆ ಸಿಗುವ ಗ್ರೇಪ್‌ವೈನ್ ಪಟ್ಟಣಕ್ಕೆ ಹೆಸರು ಕೊಟ್ಟದ್ದೂ ಅಂಥ ಕಾಡು ದ್ರಾಕ್ಷಿಯೇ. ಬಾಯಿಗಿಟ್ಟರೆ ಮುಖ ಕಿವುಚುವಷ್ಟು ಹುಳಿ.

ಆ ಹುಳಿ ಬಳ್ಳಿಗಳ ಬೇರಿಗೆ ಒಂದು ಶಕ್ತಿಯಿತ್ತು. 1860ರ ದಶಕದಿಂದ ಫ್ರಾನ್ಸಿನ ತೋಟಗಳನ್ನು ಫಿಲಾಕ್ಸೆರಾ ಎಂಬ ಬೇರು ಹೇನು ಒಣಗಿಸುತ್ತಿತ್ತು. ಅದು ಅಮೆರಿಕದಿಂದ ಹೋದ ಹೇನು. ಅದನ್ನು ತಾಳಿಕೊಳ್ಳಲು ಕಲಿತಿದ್ದವೂ ಅಮೆರಿಕದ ಬೇರುಗಳೇ. 1887ರಲ್ಲಿ ಫ್ರಾನ್ಸಿನ ದ್ರಾಕ್ಷಿ ವಿಜ್ಞಾನಿ ಪಿಯೆರ್ ವಿಯಾಲಾ ಅಂಥ ಬೇರುಗಳನ್ನು ಹುಡುಕಿ ಅಮೆರಿಕಕ್ಕೆ ಬಂದಾಗ, ಟೆಕ್ಸಾಸಿನ ಸುಣ್ಣದ ನೆಲದ ಬಳ್ಳಿಗಳ ಕಡೆಗೆ ದಾರಿ ತೋರಿಸಿದವರು ಮನ್ಸನ್. ಮರುವರ್ಷ ಫ್ರಾನ್ಸ್ ಸರ್ಕಾರ ಅವರಿಗೆ ಕೃಷಿ ಕ್ಷೇತ್ರದ ಗೌರವ ಪದಕ ಕೊಟ್ಟಿತು. ಫ್ರಾನ್ಸಿನ ಕುಡಿ, ಅಮೆರಿಕದ ಬೇರು. ಕಸಿ ಕಟ್ಟಿ ಕಟ್ಟಿ ಒಂದು ನಾಡಿನ ಬೇಸಾಯ ಉಳಿಯಿತು.

ಇಷ್ಟು ಓದಿ ಸುಮ್ಮನಾಗಬಹುದಿತ್ತು. ಆದರೆ ಆ ಹುಡುಗಿ ತನ್ನ ಪಾಠದ ಟಿಪ್ಪಣಿಯಲ್ಲಿದ್ದ ಒಂದು ಹೆಸರನ್ನು ತೋರಿಸಿದಳು, ‘ಡಾಗ್ ರಿಜ್’. ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗುವ ದಾರಿಯಲ್ಲಿ ಸಿಗುವ ಬೆಲ್ ಕೌಂಟಿಯ ಒಂದು ಜಾಗ ಅದು. ಅಲ್ಲಿ ಮನ್ಸನ್ ಆರಿಸಿದ ಕಾಡುಬಳ್ಳಿಗೂ ಅದೇ ಹೆಸರು. ನನಗೆ ಮೈ ಜುಮ್ಮೆಂದಿತು. ವಿಜಯಪುರದ ದ್ರಾಕ್ಷಿ ರೈತರ ಬಾಯಲ್ಲಿ ದಿನ ಬೆಳಗಾದರೆ ಓಡಾಡುವ ‘ಡಾಗ್‌ರಿಡ್ಜ್’ ಇದೇ. ನೀರು ಕಡಿಮೆಯಿರುವಲ್ಲಿ, ಇದ್ದ ನೀರೂ ಸವುಳಾಗಿರುವಲ್ಲಿ ತಾಳಿಕೊಳ್ಳುವ ಬೇರು ಎಂದು ಮೊದಲು ಅದನ್ನು ನೆಟ್ಟು, ಬೇರೂರಿದ ಮೇಲೆ ಥಾಮ್ಸನ್ ಸೀಡ್‌ಲೆಸ್‌ನ ಕುಡಿಯನ್ನು ಅದಕ್ಕೆ ಕಸಿ ಕಟ್ಟುತ್ತಾರೆ. ವಿಜಯಪುರದ ಒಣದ್ರಾಕ್ಷಿ ಡಬ್ಬಿ ತಿಂಗಳಿಗೊಮ್ಮೆ ಇರ್ವಿಂಗ್‌ನ ನಮ್ಮ ಅಡುಗೆಮನೆಯಲ್ಲಿ ಶಾವಿಗೆ ಪಾಯಸಕ್ಕೆ ಖಾಲಿಯಾಗುತ್ತದೆ. ನಾವು ಎಷ್ಟೋ ಸಲ ಕಾರಿನಲ್ಲಿ ದಾಟಿಹೋದ ನೆಲದ ಬೇರು ಅಲ್ಲಿ ಬಿಸಿಲಿಗೆ ನಿಂತು ಆ ಹಣ್ಣನ್ನು ಹೊರುತ್ತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬೆಂಗಳೂರು ನೀಲಿಯ ಕಥೆಯೂ ಹಾಗೆಯೇ. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಹಣ್ಣನ್ನು ತಳಿಶಾಸ್ತ್ರಜ್ಞರು ಅಮೆರಿಕದ ಇಸಬೆಲ್ಲಾ ಎಂದು ಗುರುತಿಸುತ್ತಾರೆ. ಹುಟ್ಟು ಅಲ್ಲಿನದು, ಹೆಸರು ನಮ್ಮೂರಿನದು.

ಪದಗಳ ಬಾಳೂ ಕಸಿಯ ಬಾಳೇ. ಮಧು ಹೊರಗಿನಿಂದ ಬಂದ ಕುಡಿ. ಕನ್ನಡದ ಬೇರಿಗೆ ಕಟ್ಟಿದ ಮೇಲೆ ಮಧುಗಿರಿ ಎಂದು ಊರಾಗಿ ಬಿಟ್ಟಿತು. ಆದ್ದರಿಂದ ಕನ್ನಡದ ಕೋಶಕ್ಕೆ ನನ್ನ ಆಯ್ಕೆ ಮಧು. ಒಂಟಿ ಮಧು ಎಂದರೆ ಜೇನು ಎಂದುಕೊಂಡಾರು ಎಂಬ ತೊಡಕಿಗೆ ಮದ್ದು ಕೌಟಿಲ್ಯನಲ್ಲೂ ಇದೆ, ನಮ್ಮ ಈಚಲು ಹೆಂಡದಲ್ಲೂ ಇದೆ. ಮುಂದೆ ಊರನ್ನೋ ಬಳ್ಳಿಯನ್ನೋ ಇಡಬೇಕು. ನಂದಿ ಮಧು, ಕೃಷ್ಣಾತೀರದ ಮಧು, ಬೆಂಗಳೂರು ನೀಲಿಯ ಮಧು. ಹೆಸರು ಕೇಳಿದರೆ ನೆಲ ಕಾಣಬೇಕು.

ಸಿಹಿಯಾದ ಪದ ಹೊದಿಸಿ ಕುಡಿತದ ಕೇಡನ್ನು ಮುಚ್ಚಿದಂತಾಗುವುದಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡೆ. ಸಾರಾಯಿ ಎಷ್ಟು ಮನೆಗಳನ್ನು ತಿಂದಿತು ಎಂಬುದನ್ನು ಕಂಡವರು ನಾವು. 2007ರಲ್ಲಿ ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿದಾಗ ಹಳ್ಳಿಯ ಹೆಂಗಸರು ಬಿಟ್ಟ ನಿಟ್ಟುಸಿರು ದೊಡ್ಡದು. ದ್ರಾಕ್ಷಿ ಬೆಳೆಗಾರರಿಗಾಗಿ ಪ್ರತ್ಯೇಕ ವೈನ್ ನೀತಿ ಬಂದದ್ದೂ ಅದೇ ವರ್ಷ. ಎರಡನ್ನೂ ಒಂದೇ ಬೋರ್ಡಿನ ಕೆಳಗೆ ಕಟ್ಟಿಹಾಕಿದರೆ ಕೇಡಿನ ಮೂಲವೂ ತಿಳಿಯುವುದಿಲ್ಲ, ರೈತನ ದುಡಿಮೆಯೂ ಕಾಣುವುದಿಲ್ಲ. ಕೌಟಿಲ್ಯ ಮಧುವನ್ನು ಹೆಸರಿಸಿದ್ದು ನಿಯಂತ್ರಣದ ಪ್ರಕರಣದಲ್ಲೇ. ಸರಿಯಾಗಿ ಹೆಸರಿಸಿದವನೇ ಸರಿಯಾಗಿ ಎಚ್ಚರಿಸಬಲ್ಲ.

ಭಾನುವಾರ ಹುಡುಗಿ ನಮ್ಮ ಮನೆಯಿಂದಲೇ ಫೋನು ಹಚ್ಚಿದಳು. ಮಧು, ದ್ರಾಕ್ಷಿ, ಬೇರು, ಹೇನು ಎಂದು ಸಿಕ್ಕಿದ ಕನ್ನಡದಲ್ಲೆಲ್ಲ ಹೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, “ಕಸಿ ಕಟ್ಟೋದು ನಿನ್ ಕೈಲೇ ಮಾಡುಸ್ತಾರೇನಮ್ಮಾ?”

“ಹೂಂ ಅಜ್ಜಿ, ಹೋದ ವಾರ ಕಟ್ಟಿದೀನಿ.”

“ಹಂಗಾರೆ ಗಾಳಿ ಹೋಗ್ದಂಗೆ ಬಿಗಿಯಾಗಿ ಕಟ್ಟು. ಇಲ್ದಿದ್ರೆ ಕೂಡ್ಕೊಳಲ್ಲ.”