ನವಾಹೋ ನಾಡಿನ ಅಂಗಡಿ ಮತ್ತು ಅದರ ಖಾತೆ ಪುಸ್ತಕಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಟ್ಯೂಸಾನ್ ನಗರದಲ್ಲಿ ಅರಿಝೋನಾ ವಿಶ್ವವಿದ್ಯಾಲಯವಿದೆ. ಅದರ ಗ್ರಂಥಾಲಯದಲ್ಲಿ ಒಂದು ಹಳ್ಳಿಯ ಅಂಗಡಿಯ ಕಾಗದಪತ್ರಗಳು ನೂರಾರು ಪೆಟ್ಟಿಗೆಗಳಲ್ಲಿ ಸುರಕ್ಷಿತವಾಗಿವೆ. ದಿನವಹಿ, ಉದ್ದರಿ ಖಾತೆ, ಸರಕಿನ ಬಿಲ್ಲು, ಸರ್ಕಾರಿ ಅಧಿಕಾರಿಗಳೊಡನೆ ನಡೆದ ಪತ್ರವ್ಯವಹಾರ ಎಲ್ಲವೂ ಅಲ್ಲಿವೆ. 1870ರ ದಶಕದ ಕೊನೆಯಲ್ಲಿ ಗನಾಡೊ ಎಂಬಲ್ಲಿ ವ್ಯಾಪಾರಕ್ಕೆ ನಿಂತ ಜಾನ್ ಲೊರೆಂಜೊ ಹಬೆಲ್ ಮತ್ತು ಅವನ ವಂಶದವರ ಅಂಗಡಿ ಅದು.

ಗಿರಾಕಿಗಳು ನವಾಹೋ ಎಂಬ ಮೂಲನಿವಾಸಿ ಜನ. 1864ರಲ್ಲಿ ಸೈನ್ಯವು ಅವರನ್ನು ತಾಯ್ನೆಲದಿಂದ ಹೊರಡಿಸಿ ನೂರಾರು ಮೈಲಿ ದೂರದ ಬಾಸ್ಕ್ ರೆಡಾಂಡೊಗೆ ನಡೆಸಿತು. 1868ರ ಒಪ್ಪಂದದ ಬಳಿಕ ಅವರು ಹಿಂದಿರುಗಿ ಕುರಿ ಸಾಕಣೆಯಿಂದ ಬದುಕನ್ನು ಮತ್ತೆ ಕಟ್ಟಿಕೊಂಡರು. ವಸಂತದಲ್ಲಿ ಉಣ್ಣೆ, ಶರತ್ಕಾಲದಲ್ಲಿ ಕುರಿಮರಿ. ಇವೆರಡರ ನಡುವಣ ತಿಂಗಳುಗಳಲ್ಲಿ ಹಿಟ್ಟು, ಸಕ್ಕರೆ, ಕಾಫಿ, ಬಟ್ಟೆ ಎಲ್ಲವೂ ಉದ್ದರಿ. ಆಧಾರವಾಗಿ ಬೆಳ್ಳಿಯ ಒಡವೆಗಳನ್ನು ಒತ್ತೆಯಿಡುವ ರೂಢಿಯಿತ್ತು.

ಇಂಥ ಅಂಗಡಿ ಕೇವಲ ಖಾಸಗಿ ವ್ಯವಹಾರವಾಗಿರಲಿಲ್ಲ. ಮೂಲನಿವಾಸಿಗಳೊಡನೆ ವ್ಯಾಪಾರ ಮಾಡಲು ಪರವಾನಗಿ ಬೇಕೆಂದು 1790ರಲ್ಲೇ ಕಾನೂನಾಗಿತ್ತು. ವರ್ತಕರನ್ನು ನೇಮಿಸುವ, ಸರಕಿನ ಬಗೆ, ಪ್ರಮಾಣ ಮತ್ತು ಬೆಲೆಗೆ ನಿಯಮ ಮಾಡುವ ಅಧಿಕಾರವನ್ನು 1876ರ ಶಾಸನವು ಮೂಲನಿವಾಸಿ ವ್ಯವಹಾರಗಳ ಕಮಿಷನರಿಗೆ ಕೊಟ್ಟಿತು. ಹೀಗೆ ಅಂಗಡಿಯ ಕಟ್ಟೆ ಆಡಳಿತದ ಒಂದು ಮೆಟ್ಟಿಲೂ ಆಯಿತು.

ಹಬೆಲ್ ನವಾಹೋ ಕಂಬಳಿಗಳಿಗೆ ದೂರದ ಮಾರುಕಟ್ಟೆ ದೊರಕಿಸಿದವನೆಂದು ಹೆಸರಾದವನು. ಆದರೆ ವರ್ತಕನ ಗುಣವೊಂದರ ಮೇಲೆ ವ್ಯವಸ್ಥೆಯೆಲ್ಲ ನಿಂತಿದ್ದರೆ ಅದು ದುರ್ಬಲ ವ್ಯವಸ್ಥೆಯೇ ಸರಿ. ಖಾತೆ ಇಂಗ್ಲಿಷಿನಲ್ಲಿ; ಲೇಖನಿ ವರ್ತಕನ ಕೈಯಲ್ಲಿ. ಸಾಲಗಾರರಲ್ಲಿ ಅನೇಕರು ಆ ಬರಹವನ್ನು ಓದಲಾರದವರು. ತಮ್ಮ ಹೆಸರಿನ ಮುಂದೆ ಬರೆದ ಅಂಕಿ ಸರಿಯೇ ಎಂದು ನೋಡಿಕೊಳ್ಳುವ ಉಪಾಯವೇ ಅವರಿಗಿರಲಿಲ್ಲ.

ಕಾಲಕ್ರಮದಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೆ ಹೋಯಿತು. ನವಾಹೋ ಪ್ರದೇಶದಲ್ಲಿ ಪರವಾನಗಿ ಪಡೆದು ಅಂಗಡಿ ನಡೆಸುತ್ತಿದ್ದ ಬೇರೊಬ್ಬ ವರ್ತಕ ಉದ್ದರಿಯ ಬಾಕಿಗಾಗಿ ನವಾಹೋ ದಂಪತಿಗಳ ಮೇಲೆ ರಾಜ್ಯದ ನ್ಯಾಯಾಲಯದಲ್ಲಿ ದಾವೆ ಹೂಡಿದ್ದನು. ವಿಲಿಯಮ್ಸ್ ವಿರುದ್ಧ ಲೀ ಎಂಬ ಆ ಮೊಕದ್ದಮೆಯಲ್ಲಿ 1959ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇದನ್ನು ವಿಚಾರಿಸುವ ಅಧಿಕಾರ ರಾಜ್ಯಕ್ಕಿಲ್ಲ, ಅದು ನವಾಹೋ ನ್ಯಾಯಾಲಯಕ್ಕೆ ಸೇರಿದ್ದು ಎಂದು ತೀರ್ಪಿತ್ತಿತು. ತಮ್ಮನ್ನು ತಾವೇ ಆಳಿಕೊಳ್ಳುವ ಜನರ ಹಕ್ಕಿಗೆ ಒಂದು ಅಂಗಡಿಯ ಬಾಕಿಯೇ ಆಧಾರವಾದುದು ವಿಶೇಷ.

1972ರಲ್ಲಿ ಫೆಡರಲ್ ವಾಣಿಜ್ಯ ಆಯೋಗವು ನವಾಹೋ ನಾಡಿನ ಅಂಗಡಿಗಳ ಬಗ್ಗೆ ಅಹವಾಲು ಕೇಳಿತು. 1973ರ ವರದಿಯಲ್ಲಿ ಸಾಲದ ಷರತ್ತುಗಳನ್ನು ಮರೆಮಾಚುವುದು, ಅಂಗಡಿಯ ವಿಳಾಸಕ್ಕೆ ಬಂದ ಚೆಕ್ಕುಗಳನ್ನು ಬಾಕಿಗಾಗಿ ತಡೆಹಿಡಿಯುವುದು, ಒತ್ತೆಯ ದುರುಪಯೋಗ ಮುಂತಾದವು ದಾಖಲಾದವು. ಷರತ್ತುಗಳನ್ನು ತಿಳಿಸಲೇಬೇಕು, ಒತ್ತೆಸಾಲದ ಬಡ್ಡಿಗೆ ಮಿತಿಯಿರಬೇಕು ಎಂಬ ಹೊಸ ನಿಯಮಗಳು 1975ರಲ್ಲಿ ಬಂದವು. ಪರವಾನಗಿ ಕೊಟ್ಟ ಇಲಾಖೆ ಕಣ್ಣಿಟ್ಟು ನೋಡಿದ್ದರೆ ಇಷ್ಟು ಕಾಲ ಕಾಯಬೇಕಿರಲಿಲ್ಲ.

ಗನಾಡೊದ ಅಂಗಡಿ 1965ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಮಾನ್ಯವಾಯಿತು. ಅದರ ಖಾತೆಗಳು ಇಂದು ವಿದ್ವಾಂಸರಿಗೆ ಅಮೂಲ್ಯ ಆಕರ. ಆದರೆ ಅವು ಸಾಲ ಕೊಟ್ಟವನ ಮಾತು ಮಾತ್ರ. ಸಾಲಗಾರನ ಮಾತು ಪುಟದ ಅಂಚಿನಲ್ಲೂ ಇಲ್ಲ. ಜಮೆ ಖರ್ಚು ತಾಳೆಯಾದ ಮಾತ್ರಕ್ಕೆ ಲೆಕ್ಕ ಶುದ್ಧವಾಗುವುದಿಲ್ಲ. ಯಾರ ಹೆಸರಿನಲ್ಲಿ ಬರೆದಿದೆಯೋ ಅವರು ಅದನ್ನು ಓದಿ ಹೌದು ಅಥವಾ ಅಲ್ಲ ಎನ್ನುವಂತಿದ್ದಾಗಲೇ ಅದು ನಿಜವಾದ ಲೆಕ್ಕ. ಅನ್ಯರ ಹಣಕ್ಕೆ ಪುಸ್ತಕವಿಡುವ ಅಂಗಡಿಗೂ ಸಂಸ್ಥೆಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.