ಬೈಗುಳ ಮತ್ತು ಪೂರಕ ಪದಗಳ ಅರ್ಥಚರಿತ್ರೆ: ಜರಗನಹಳ್ಳಿ ಪರಿಸರದ ಆಡುಮಾತಿನ ಹಿನ್ನೆಲೆಯಲ್ಲಿ

ಗಾದೆ, ಒಗಟು, ಗೀತೆಗಳಿಗೆ ದೊರೆತ ವಿದ್ವತ್ ಮನ್ನಣೆ ಬೈಗುಳಗಳಿಗೆ ದೊರೆತಿಲ್ಲ. ಅಶ್ಲೀಲವೆಂದು ಬದಿಗಿರಿಸಲಾದ ಈ ಪದಗಳು ಸಮಾಜಚರಿತ್ರೆಯ ಆಕರಗಳೂ ಹೌದು. ಕನಕಪುರ ರಸ್ತೆಯ ಜರಗನಹಳ್ಳಿ, ಸಾರಕ್ಕಿಗಳು ಇಂದು ಬೆಂಗಳೂರು ಮಹಾನಗರದೊಳಗೆ ಸೇರಿಹೋಗಿವೆ. ಆದರೂ ಈ ಸೀಮೆಯ ಮೂಲ ಆಡುಮಾತು ಹಳೆಯ ಮೈಸೂರು ಭಾಗದ ಗ್ರಾಮ್ಯ ಕನ್ನಡವೇ.

ಈ ಆಡುಮಾತಿನಲ್ಲಿ ಹೆಜ್ಜೆಹೆಜ್ಜೆಗೂ ಬರುವ ‘ಕಣೋ’, ‘ಕಣೇ’, ‘ಕಣ್ಲಾ’ಗಳಿಗೆ ಈಗ ಸ್ವತಂತ್ರ ಅರ್ಥವಿಲ್ಲ. ಇವುಗಳ ಮೂಲ ‘ಕಾಣ್’ ಧಾತು. ವಚನಗಳ ‘ಕಾಣಾ’ ಎಂಬ ರೂಪದಲ್ಲಿ ‘ನೋಡು’ ಎಂಬ ಅರ್ಥ ಇನ್ನೂ ಜೀವಂತವಾಗಿದೆ. ‘ಲೋ’, ‘ಲೇ’ಗಳ ಹಿಂದೆ ಹಳೆಯ ಸಂಬೋಧನೆಯಾದ ‘ಎಲೆ’ ಇದೆ. ‘ಅಂದರೆ’ ಎಂಬುದು ‘ಎನ್’ ಧಾತುವಿನಿಂದ ಬಂದುದು. ಮೂಲಾರ್ಥ ಸವೆದು ಇವು ಮಾತಿನ ಬಿಡುವನ್ನು ತುಂಬುವ ಪೂರಕಗಳಾಗಿವೆ.

ಬೈಗುಳಗಳೂ ಹೀಗೆಯೇ ಸವೆಯುತ್ತವೆ. ‘ಮುಂಡೆ’, ‘ಬೋಳಿ’ ಎಂಬ ಪದಗಳು ತಲೆ ಬೋಳಿಸಿದ ವಿಧವೆಯನ್ನು ಸೂಚಿಸುತ್ತವೆ. ‘ಮುಂಡೇಮಗ’, ‘ಬೋಳಿಮಗ’ ಎಂದು ಗಂಡಸನ್ನು ಬಯ್ದಾಗ ಏಟು ಬೀಳುವುದು ಅವನ ತಾಯಿಯ ವೈಧವ್ಯಕ್ಕೆ. ‘ಸೂಳೆ’ ಎಂಬ ಪದದ ಚರಿತ್ರೆ ಇನ್ನೂ ಸಂಕೀರ್ಣವಾದುದು. ಮಧ್ಯಕಾಲೀನ ಶಾಸನಗಳಲ್ಲಿ ದೇವಾಲಯದ ಸೇವೆಗೆ ನಿಯುಕ್ತರಾಗಿ ವೃತ್ತಿ ಪಡೆದ ಸೂಳೆಯರಿದ್ದಾರೆ; 12ನೆಯ ಶತಮಾನದ ವಚನಕಾರ್ತಿ ಸಂಕವ್ವೆ ಗುರುತಿಸಲ್ಪಡುವುದೇ ‘ಸೂಳೆ ಸಂಕವ್ವೆ’ ಎಂದು. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರಕ್ಕೆ ಜನ ಕರೆಯುವ ಹೆಸರು ಸೂಳೆಕೆರೆ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಕರ್ನಾಟಕದ ಕಾಯಿದೆ 1982ರದು. ಪದ್ಧತಿಗೆ ಕಾನೂನಿನ ತಡೆ ಬಂದರೂ ಪದವು ನಿಂದೆಯಾಗಿ ಉಳಿಯಿತು.

ಮಗುವನ್ನು ಅಕ್ಕರೆಯಿಂದ ‘ಮುಂಡೇದೆ’ ಎಂದು ಗದರುವವರ ಮನಸ್ಸಿನಲ್ಲಿ ವಿಧವೆಯ ಚಿತ್ರವಿರುವುದಿಲ್ಲ; ಗೆಳೆಯರ ನಡುವೆ ‘ಬೋಳಿಮಗನೆ’ ಎಂಬುದು ‘ಕಣೋ’ದಷ್ಟೇ ಹಗುರವಾಗಿ ಬರುತ್ತದೆ. ಆದರೆ ಎರಡು ಬಗೆಯ ಸವೆತಗಳು ಒಂದೇ ಅಲ್ಲ. ‘ಕಣೋ’ ತನ್ನ ಅರ್ಥವನ್ನು ಕಳೆದುಕೊಂಡಾಗ ಯಾರಿಗೂ ನೋವಾಗಲಿಲ್ಲ. ‘ಮುಂಡೆ’ಯ ಅರ್ಥ ಆಡುವವನ ಬಾಯಲ್ಲಿ ಸವೆದಿದ್ದರೂ, ಗಂಡನನ್ನು ಕಳೆದುಕೊಂಡ ಹೆಣ್ಣಿನ ಕಿವಿಗೆ ಬಿದ್ದೊಡನೆ ಪೂರ್ಣವಾಗಿ ಮರಳುತ್ತದೆ. ಆದ್ದರಿಂದ ಬೈಗುಳದ ಅಧ್ಯಯನವು ಆಡಿದವರ ಉದ್ದೇಶವನ್ನಷ್ಟೇ ಅಲ್ಲದೆ ಕೇಳಿಸಿಕೊಂಡವರ ಅನುಭವವನ್ನೂ ದಾಖಲಿಸುವುದು ಅಗತ್ಯ.