ಫಾರ್ಮ್ಯಾಟ್ ಹೊಡೆಯುವ ರೂಢಿ

ಸಿಸ್ಟಮ್ ಅಪ್‌ಡೇಟ್ ಆದ ಬಳಿಕ ಸರಿಯಾಗಿ ತೆರೆದುಕೊಳ್ಳದ ಲ್ಯಾಪ್‌ಟಾಪಿಗೆ ಬಾಳೆಹೊಸೂರಿನಂತಹ ಹಳ್ಳಿಗಳಲ್ಲಿಯೂ ಗದಗ, ಹುಬ್ಬಳ್ಳಿಯಂತಹ ಪೇಟೆಗಳಲ್ಲಿಯೂ ಬಹುಮಟ್ಟಿಗೆ ಸೂಚಿಸಲಾಗುವ ಮದ್ದು ಒಂದೇ: ‘ಫಾರ್ಮ್ಯಾಟ್ ಹೊಡಸ್ರಿ’. ಫಾರ್ಮ್ಯಾಟ್ ಎಂದರೆ ಡಿಸ್ಕಿನ ಒಂದು ಭಾಗವನ್ನು ಪೂರ್ತಿಯಾಗಿ ಅಳಿಸಿ, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ವಿಂಡೋಸ್ ಅನ್ನು ಅಲ್ಲಿ ಹೊಸದಾಗಿ ಕೂರಿಸುವುದು. ಈ ರೂಢಿ ಹುಟ್ಟಿದ ಕಾಲದಲ್ಲಿ ಅದಕ್ಕೆ ಗಟ್ಟಿಯಾದ ಕಾರಣಗಳಿದ್ದವು. ಆ ಕಾರಣಗಳು ಒಂದೊಂದಾಗಿ ಕಳಚಿಬಿದ್ದ ಮೇಲೂ ರೂಢಿ ಮಾತ್ರ ಅಲುಗಾಡದೆ ನಿಂತಿತು.

1997ರಲ್ಲಿ ಗದಗ ಜಿಲ್ಲೆ ಧಾರವಾಡದಿಂದ ಬೇರ್ಪಟ್ಟಾಗ ಬಾಳೆಹೊಸೂರು ಶಿರಹಟ್ಟಿ ತಾಲ್ಲೂಕಿನಲ್ಲಿತ್ತು. ಈ ಹಳ್ಳಿ ಈಗ ಸೇರಿರುವ ಲಕ್ಷ್ಮೇಶ್ವರ ಪ್ರತ್ಯೇಕ ತಾಲ್ಲೂಕಾದದ್ದು ಅದಾಗಿ ಎರಡು ದಶಕಗಳ ಮೇಲೆ. ಈ ಸೀಮೆಯ ಒಕ್ಕಲಿಗೆ ಗಣಕಯಂತ್ರ ಅನಿವಾರ್ಯವಾದದ್ದು ಶಾಲೆಯಿಂದಲ್ಲ, ಹೊಲದಿಂದ. ಹಿಂದೆ ಮುಂಬಯಿ ಕರ್ನಾಟಕ ಎನ್ನಲಾಗುತ್ತಿದ್ದ ಈ ಭಾಗದಲ್ಲಿ ‘ಉತಾರ’ ಎಂದೇ ಕರೆಯಲಾಗುವ ಪಹಣಿಯನ್ನು, ಅಂದರೆ ಹೊಲದ ಒಡೆತನ, ಬೆಳೆ, ಸಾಲಗಳ ದಾಖಲೆಯನ್ನು, ತಲಾಟಿಯ ಕೈಬರಹದಿಂದ ಬಿಡಿಸಿ ತಾಲ್ಲೂಕು ಕಚೇರಿಯ ಗಣಕಕ್ಕೆ ಒಯ್ದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಜಾರಿಯಾಯಿತು. 15 ರೂಪಾಯಿಗೆ ಮುದ್ರಿತ ಪ್ರತಿ ದೊರೆಯತೊಡಗಿ ಕೈಬರಹದ ಉತಾರಕ್ಕೆ ಮಾನ್ಯತೆ ತಪ್ಪಿದ ಮೇಲೆ, ಯಂತ್ರ ಏಳದ ದಿನ ದಾಖಲೆಯೂ ಇಲ್ಲವೆಂಬ ಹೊಸ ಪರಿಸ್ಥಿತಿ ಹುಟ್ಟಿತು. ಕಚೇರಿಯ ಯಂತ್ರಗಳಿಗೆ ಸರ್ಕಾರದ ಏರ್ಪಾಡಿತ್ತು. ಝೆರಾಕ್ಸ್ ಅಂಗಡಿ, ಡಿಟಿಪಿ ಕೇಂದ್ರ, ಮನೆಗಳ ಯಂತ್ರಗಳಿಗೆ ಪೇಟೆಯ ದುರಸ್ತಿಗಾರನೇ ಗತಿಯಾಗಿದ್ದನು.

ಆ ದುರಸ್ತಿಗಾರನ ಕೈಯಲ್ಲಿದ್ದದ್ದು 2001ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯ ಒಂದು ಸಿಡಿ. ಅಂದಿನ ಯಂತ್ರವು ಗುಂಡಿ ಒತ್ತಿದೊಡನೆ ತನ್ನ ಮೆಮೊರಿ, ಕೀಲಿಮಣೆಗಳನ್ನು ಪರೀಕ್ಷಿಸಿಕೊಂಡು, ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ, ಅಲ್ಲಿಂದ ದೊರೆತ ಸುಳಿವಿನಂತೆ ವಿಂಡೋಸ್ ಅನ್ನು ಎಬ್ಬಿಸುತ್ತಿತ್ತು. ಈ ಸರಪಳಿಯ ಯಾವ ಕೊಂಡಿ ತುಂಡಾಗಿದೆಯೆಂದು ಹುಡುಕುವುದಕ್ಕಿಂತ ಒಂದು ಗಂಟೆಯೊಳಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು ಅಗ್ಗವೂ ಖಚಿತವೂ ಆಗಿತ್ತು. ಎಫ್‌8 ಕೀಲಿ ಒತ್ತಿದರೆ ದೊರೆಯುತ್ತಿದ್ದ ಸೇಫ್ ಮೋಡ್, ಅಂದರೆ ಅತ್ಯಗತ್ಯ ಭಾಗಗಳನ್ನಷ್ಟೇ ಎಬ್ಬಿಸುವ ವಿಧಾನ, ವಿಂಡೋಸ್ 95ರಿಂದಲೇ ಇತ್ತಾದರೂ, ಅಲ್ಲಿಗೆ ಹೋಗಿ ದೋಷವನ್ನು ಗುರುತಿಸುವ ತಾಳ್ಮೆಗೆ ಗಿರಾಕಿ ಹಣ ಕೊಡುತ್ತಿರಲಿಲ್ಲ.

ಮತ್ತೊಂದು ಕಾರಣವನ್ನು ಸಾಮಾನ್ಯವಾಗಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಲಾವಣೆಯಲ್ಲಿದ್ದ ಸಿಡಿಗಳಲ್ಲಿ ನಕಲಿ ಪ್ರತಿಗಳು ಹೇರಳವಾಗಿದ್ದವು. 2008ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ನಕಲಿ ಎಕ್ಸ್‌ಪಿಯ ಪರದೆಯ ಹಿನ್ನೆಲೆಯನ್ನು ಗಂಟೆಗೊಮ್ಮೆ ಕಪ್ಪಾಗಿಸುವ ತಂತ್ರವನ್ನು ಅಪ್‌ಡೇಟ್ ಮೂಲಕವೇ ಕಳುಹಿಸಿತು. ಆದ್ದರಿಂದ ವಿಂಡೋಸ್ ಹಾಕಿಕೊಟ್ಟ ಕೂಡಲೇ ಅಪ್‌ಡೇಟನ್ನು ಬಂದ್ ಮಾಡುವುದೂ ಕಸುಬಿನ ಭಾಗವೇ ಆಯಿತು. ಅಪ್‌ಡೇಟ್ ಎಂದರೆ ಕೇಡು ಎಂಬ ಇಂದಿನ ಅಂಜಿಕೆಯ ಬೇರು ತಕ್ಕಮಟ್ಟಿಗೆ ಇಲ್ಲಿಯೇ ಇದೆ.

ಅಳಿಸುವ ಪದ್ಧತಿಯು ತನ್ನದೇ ಆದ ಕಟ್ಟಳೆಯನ್ನೂ ಬೆಳೆಸಿತು. ಒಂದೇ ಡಿಸ್ಕನ್ನು ‘ಸಿ’, ‘ಡಿ’ ಎಂದು ಪಾಲು ಮಾಡಿ, ವಿಂಡೋಸಿಗೆ ಸಿ, ಗಿರಾಕಿಯ ಕಡತಗಳಿಗೆ ಡಿ ಎಂದು ಗೊತ್ತುಪಡಿಸಲಾಗುತ್ತಿತ್ತು. ಆದರೆ ಡೆಸ್ಕ್‌ಟಾಪ್ ಮೇಲೆ ಇಟ್ಟದ್ದೆಲ್ಲ ವಾಸ್ತವದಲ್ಲಿ ಸಿ ಪಾಲಿಗೇ ಸೇರುವುದರಿಂದ, ಮದುವೆಯ ಫೋಟೋಗಳೂ ಸಂಘದ ಲೆಕ್ಕಪತ್ರಗಳೂ ಫಾರ್ಮ್ಯಾಟಿಗೆ ಬಲಿಯಾಗುವ ಅಪಾಯ ಎಂದೂ ತಪ್ಪಿದ್ದಲ್ಲ. ಡಿ ಪಾಲಿನಲ್ಲಿ ಉಳಿದುಕೊಂಡ ಕನ್ನಡ ಕಡತಗಳಿಗೂ ಬೇರೊಂದು ತೊಡಕಿತ್ತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದರಿಂದ, ಫಾರ್ಮ್ಯಾಟಿನ ನಂತರ ಆ ಫಾಂಟನ್ನು ಮತ್ತೆ ಹಾಕುವವರೆಗೆ ಇಡೀ ಬರಹ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎಣಿಸಿದ ನಾಡಿನಲ್ಲಿ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರವೂ ಸೇರಿರುವುದರಿಂದ, ಈ ಅವಸ್ಥೆಯಲ್ಲಿ ಒಂದು ವಿಡಂಬನೆ ಇಲ್ಲದಿಲ್ಲ.

ಸ್ಥಿತಿ ಬದಲಾದದ್ದು ಎರಡು ಹಂತಗಳಲ್ಲಿ. 2007ರ ವಿಂಡೋಸ್ ವಿಸ್ತಾದಿಂದ ದುರಸ್ತಿಯ ಸಲಕರಣೆಗಳು ಸಿಡಿಯಿಂದ ಯಂತ್ರದ ಒಳಕ್ಕೆ ಸರಿಯತೊಡಗಿದವು. 2015ರ ವಿಂಡೋಸ್ 10 ಮನೆಬಳಕೆದಾರರಿಂದ ಅಪ್‌ಡೇಟ್ ಬೇಡವೆನ್ನುವ ಸ್ವಾತಂತ್ರ್ಯವನ್ನೇ ಬಹುಪಾಲು ಕಸಿಯಿತು. ಮುಖ್ಯ ಅಪ್‌ಡೇಟುಗಳು ತಿಂಗಳ ಎರಡನೆಯ ಮಂಗಳವಾರ ಅಮೆರಿಕದ ಬೆಳಗಿನಲ್ಲಿ ಹೊರಬೀಳುವುದರಿಂದ ಭಾರತದಲ್ಲಿ ಆಗ ರಾತ್ರಿ ಹತ್ತು ದಾಟಿರುತ್ತದೆ, ತೊಂದರೆ ಕಣ್ಣಿಗೆ ಬೀಳುವುದು ಬುಧವಾರದ ನಂತರವೇ. ಬಳಕೆಯಲ್ಲಿರುವ ಕಡತಗಳನ್ನು ವಿಂಡೋಸ್ ಬದಲಿಸಲಾರದು. ಆದ್ದರಿಂದ ಬದಲಾವಣೆಯ ಒಂದು ಭಾಗವನ್ನು ಯಂತ್ರ ಆರಿ ಮತ್ತೆ ಏಳುವ ಸಂಧಿಗೆ ಮೀಸಲಿಡುತ್ತದೆ. ಬ್ಯಾಟರಿ ಸತ್ತು ವೈರಿನ ಮೇಲೆಯೇ ನಡೆಯುವ ಲ್ಯಾಪ್‌ಟಾಪಿಗೆ ಆ ಸಂಧಿಯಲ್ಲಿ ಕರೆಂಟು ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹಳ್ಳಿಯ ವಿದ್ಯುತ್ ಪೂರೈಕೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಇಂತಹ ಯಂತ್ರಕ್ಕೆ ಫಾರ್ಮ್ಯಾಟ್ ಕೊನೆಯ ಉಪಾಯವಾಗಬೇಕಿತ್ತು. ವಿಂಡೋಸ್ ಸತತವಾಗಿ ಎರಡು ಮೂರು ಬಾರಿ ಏಳಲಾಗದಿದ್ದರೆ ದುರಸ್ತಿಯ ಪರದೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಅಲ್ಲಿ ಆರಂಭದ ಕಡತಗಳನ್ನು ಸರಿಪಡಿಸುವ ಸ್ಟಾರ್ಟ್‌ಅಪ್ ರಿಪೇರಿಯೂ, ತೀರಾ ಈಚೆಗೆ ಬಂದ ಅಪ್‌ಡೇಟನ್ನಷ್ಟೇ ಕಿತ್ತುಹಾಕುವ ಆಯ್ಕೆಯೂ, ಮೊದಲೇ ಗುರುತಿಟ್ಟ ದಿನದ ಸ್ಥಿತಿಗೆ ವ್ಯವಸ್ಥೆಯನ್ನು ಮರಳಿಸುವ ಸಿಸ್ಟಮ್ ರಿಸ್ಟೋರ್ ಕೂಡ ಇವೆ. ಈ ಮೂರೂ ಗಿರಾಕಿಯ ಫೋಟೋ, ಪತ್ರಗಳನ್ನು ಮುಟ್ಟುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದಾಗ, ಬೆಂಗಳೂರಿನ ವಿಮಾನ ನಿಲ್ದಾಣವೂ ಆ ದಿನ ಕೈಕೆಲಸಕ್ಕೆ ಇಳಿಯಬೇಕಾಯಿತು. ಅಪ್‌ಡೇಟನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ ಬಿದ್ದ ಯಂತ್ರಗಳನ್ನು ಅದೊಂದರಿಂದಲೇ ಎಬ್ಬಿಸಲಾಗಲಿಲ್ಲ. ಬಹಳಷ್ಟು ಯಂತ್ರಗಳ ಮುಂದೆ ಒಬ್ಬೊಬ್ಬರು ಕುಳಿತು, ಸೇಫ್ ಮೋಡಿಗೆ ಹೋಗಿ, ಒಂದು ಕಡತವನ್ನಷ್ಟೇ ಅಳಿಸಬೇಕಾಯಿತು. ಪೇಟೆಯ ದುರಸ್ತಿಗಾರ ಎರಡು ದಶಕಗಳಿಂದ ಬಳಸದೆ ಬಿಟ್ಟಿದ್ದ ಆ ಹಳೆಯ ವಿಧಾನವೇ ಕೊನೆಗೆ ದಾರಿಯಾಯಿತು.

ಹೊಸ ಲ್ಯಾಪ್‌ಟಾಪುಗಳಲ್ಲಿ ಫಾರ್ಮ್ಯಾಟಿನ ದಾರಿ ಮೊದಲಿನಷ್ಟು ಸಲೀಸಾಗಿಲ್ಲ. ಬಿಟ್‌ಲಾಕರ್ ಎಂಬ ಬೀಗವು ಡಿಸ್ಕಿನ ಬರಹವನ್ನು ಗುಪ್ತಲಿಪಿಯಾಗಿಸುವುದರಿಂದ, ಅಪ್‌ಡೇಟಿನ ಬಳಿಕ ಕೆಲವೊಮ್ಮೆ 48 ಅಂಕಿಗಳ ಕೀಲಿಯನ್ನು ಕೇಳುವ ನೀಲಿ ಪರದೆ ಎದುರಾಗುತ್ತದೆ, ಕೀಲಿಯಿಲ್ಲದೆ ಅಳಿಸಿದರೆ ಗಿರಾಕಿಯ ಕಡತಗಳನ್ನು ಉಳಿಸಿಕೊಳ್ಳಲಾಗದು. ಆ ಕೀಲಿ ಸಾಮಾನ್ಯವಾಗಿ ಮಾಲೀಕನ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಖಾತೆಯನ್ನು ಅಂಗಡಿಯವನೇ ತೆರೆದುಕೊಟ್ಟಿದ್ದರೆ ಅಂಗಡಿಯವನ ಬಳಿ. 2012ರ ಸುಮಾರಿಗೆ ಬಂದ ಸೆಕ್ಯೂರ್ ಬೂಟ್, ಅಂದರೆ ಮಾನ್ಯ ಸಹಿಯುಳ್ಳ ತಂತ್ರಾಂಶವನ್ನಷ್ಟೇ ಏಳಗೊಡುವ ಕಾವಲು, 2011ರ ಪ್ರಮಾಣಪತ್ರಗಳನ್ನು ನೆಚ್ಚಿಕೊಂಡಿದೆ. ಅವುಗಳ ಅವಧಿ 2026ರ ಜೂನಿನಿಂದ ಮುಗಿಯತೊಡಗುವುದರಿಂದ ಹೊಸವು ಅಪ್‌ಡೇಟ್ ಮೂಲಕವೇ ಯಂತ್ರಗಳನ್ನು ಸೇರುತ್ತಿವೆ. ಹಳೆಯ ಸಹಿಯನ್ನು ರದ್ದುಮಾಡಿಕೊಂಡ ಯಂತ್ರಕ್ಕೆ ದುರಸ್ತಿಗಾರ ತನ್ನ ಹಳೆಯ ಪೆನ್‌ಡ್ರೈವ್ ಚುಚ್ಚಿದರೆ, ಫಾರ್ಮ್ಯಾಟ್ ಆರಂಭವಾಗುವ ಮೊದಲೇ ಯಂತ್ರವು ಅದನ್ನು ನಿರಾಕರಿಸುತ್ತದೆ.